ಎಡಗೈ ನಿಮಗೆ ಬಿಟ್ಟದ್ದು

ಎರಡು ಸಾವಿರದ ಒಂದನೇ ಇಸವಿಯ ಫೆಬ್ರವರಿಯಲ್ಲಿ ಸಂಜುವಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಸಿಕ್ಕ ಐದನೆಯ ದಿನ, ಶುಕ್ರವಾರ ಸಂಜೆ, ಅವನು ಸ್ವಾರಗೇಟಿನ ಎಸ್‌ಟಿಡಿ ಬೂತಿನಿಂದ ಸಿಂದಗಿಯ ಅತ್ತೆಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತನ್ನ ಕೆಲಸ ಟಿವಿಯಲ್ಲಿ ಬರುತ್ತದೆ, ಎಲ್ಲರೂ ನೋಡಬೇಕು ಎಂದು ತಿಳಿಸಿದ.

ಹಾಗೆ ಹೇಳಲು ಅವನಿಗೆ ಆಧಾರವಿತ್ತು. ಅವನು ಸೇರಿದ್ದು ಕಾರ್ಟೂನು ಬರೆಯುವ ಕಂಪನಿ. ಅಲ್ಲಿನ ಗೋಡೆಗೆ ಅಂಟಿಸಿದ್ದ ದೊಡ್ಡ ಪೋಸ್ಟರಿನಲ್ಲಿ ಐದು ಜನ ಹದಿಹರೆಯದವರು ಗಿಟಾರು, ಡ್ರಮ್ಮು ಹಿಡಿದು ನೆಗೆಯುತ್ತಿದ್ದರು. ಕೆಳಗೆ ‘ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ’ ಎಂದು ಇಂಗ್ಲಿಷಿನಲ್ಲಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಬರೆಯುತ್ತಾರೆ, ಶನಿವಾರ ತೋರಿಸುತ್ತಾರೆ ಎಂದು ಸಂಜು ತೀರ್ಮಾನಿಸಿದ. ರಾತ್ರಿ ಅಚ್ಚಾದ ಪೇಪರು ಬೆಳಿಗ್ಗೆ ಬರುವುದಿಲ್ಲವೇ, ಹಾಗೆ. ಆ ಶನಿವಾರ ಅಮೆರಿಕದ ಶನಿವಾರ, ಅದೂ ಎಂಟು ತಿಂಗಳ ನಂತರದ್ದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಅತ್ತೆಯ ಮನೆಯಲ್ಲಿ ಹದಿನೇಳು ಜನ ಸೇರಿದರು. ಪಕ್ಕದ ಮನೆಯವರು ಕೂರಲು ತಮ್ಮ ಚಾಪೆ ತಾವೇ ತಂದರು. ಟಿವಿಯಲ್ಲಿ ಆ ಹೊತ್ತಿಗೆ ಕುರಿಗಳ ಗೊರಸಿನ ರೋಗದ ಬಗ್ಗೆ ಕಾರ್ಯಕ್ರಮ ಬಂತು. ಭಾನುವಾರ ಸಂಜು ಮತ್ತೆ ಫೋನು ಮಾಡಿದಾಗ ಅತ್ತೆ ಸಂತೋಷದಲ್ಲಿದ್ದಳು.

“ಭಾಳ ಛಲೋ ಬಂದಿತ್ತಪಾ. ಕುರಿ ಥೇಟ್ ಖರೇ ಕುರಿ ಇದ್ಹಂಗ ಇದ್ದುವು. ಆ ಕಾಲಿಗೆ ಔಷಧ ಹಚ್ಚು ಮನಷ್ಯಾನ್ನೂ ನೀನ ಬರದೀಯೇನು?”

“ಹೌದತ್ತಿ,” ಎಂದ ಸಂಜು.

ಸೋಮವಾರ ಈ ಸಂಗತಿಯನ್ನು ಅವನು ಹೇಳಿಕೊಂಡದ್ದು ಪಕ್ಕದ ಟೇಬಲ್ಲಿನ ಹೊಳಬಸಪ್ಪನವರ ಬಳಿ. ಐವತ್ತಾರು ವರ್ಷದ ಮನುಷ್ಯ, ಬಿಳಿ ಟೊಪ್ಪಿಗೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವರು ಪೆನ್ಸಿಲ್ ಕೆಳಗಿಡದೆ ಕೇಳಿಸಿಕೊಂಡರು.

“ಕುರಿ ಛಲೋ ಇದ್ದುವಂತೋ?”

“ಭಾಳ ಛಲೋ ಇದ್ದುವಂತ್ರಿ ಕಾಕಾ.”

“ಹಂಗಿದ್ರ ಬಿಡು ತಮ್ಮಾ. ನಾ ಇಲ್ಲಿ ಕುಂತು ಮೂರು ವರ್ಷ ಆತು. ನಮ್ಮ ಮನೀ ಮಂದಿ ಇನ್ನಾ ಏನೂ ನೋಡಿಲ್ಲ. ಕುರಿ ಸೈತ ನೋಡಿಲ್ಲ.”

ಕಂಪನಿ ಇದ್ದದ್ದು ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿನ ಒಂದು ಹೋಟೆಲಿನ ಮಹಡಿಯಲ್ಲಿ. ಕೆಳಗೆ ಇಡ್ಲಿ, ಮೇಲೆ ಕಾರ್ಟೂನು. ಎರಡಕ್ಕೂ ಮಾಲೀಕರು ಕುಂದಾಪುರದ ಕಡೆಯ ಮೋಹನದಾಸ್. ಅವರಿಗೆ ಒಂದೇ ವ್ಯಾಪಾರ ನಡೆಸಲು ಗೊತ್ತಿತ್ತು, ಅದನ್ನೇ ಎರಡು ಮಹಡಿಯಲ್ಲೂ ನಡೆಸುತ್ತಿದ್ದರು. ಮೇಲಿನ ಇಪ್ಪತ್ತಾರು ಟೇಬಲ್ಲುಗಳಿಗೂ ನಂಬರಿತ್ತು. ಅಮೆರಿಕದಿಂದ ಬರುವ ಕೆಲಸ ‘ಆರ್ಡರ್’, ಮುಗಿಸಿ ಕಳಿಸುವುದು ‘ಪಾರ್ಸೆಲ್’, ತಪ್ಪಾಗಿದೆ ಎಂದು ಅಲ್ಲಿಂದ ಹಿಂದಕ್ಕೆ ಬಂದರೆ ‘ಪ್ಲೇಟು ವಾಪಸ್’. ಮಧ್ಯಾಹ್ನ ಮಹಡಿಯ ತುಂಬಾ ಸಾಂಬಾರಿನ ಘಮ. ಕಾಗದದ ಮೂಲೆಯಲ್ಲಿ ಕಂಡ ಹಳದಿ ಗುರುತು ಯಾವ ಸೂಚನೆ ಎಂದು ಕೇಳಿ ಒಮ್ಮೆ ವಿದೇಶದಿಂದ ಪತ್ರವೂ ಬಂದಿತ್ತು.

ಕೆಲಸ ಹೀಗೆ. ಒಬ್ಬ ಹುಡುಗ ಕುರ್ಚಿಯಿಂದ ಏಳಬೇಕು ಎಂದಿಟ್ಟುಕೊಳ್ಳಿ. ಕೂತ ಚಿತ್ರ ಅಮೆರಿಕದಿಂದ ಬರುತ್ತದೆ, ನಿಂತ ಚಿತ್ರವೂ ಬರುತ್ತದೆ. ಇವೆರಡರ ನಡುವೆ ಅವನು ಎದ್ದಂತೆ ಕಾಣಲು ಬೇಕಾಗುವ ಐದೋ ಹತ್ತೋ ಚಿತ್ರಗಳನ್ನು, ಕೆಳಗಿನಿಂದ ದೀಪ ಬೀಳುವ ಗಾಜಿನ ಮೇಲೆ ಕಾಗದವಿಟ್ಟು, ಇಲ್ಲಿಯವರು ಬರೆಯಬೇಕು.

“ಕುಂದ್ರಾವರೂ ಅವರ, ನಿಂದ್ರಾವರೂ ಅವರ,” ಎನ್ನುತ್ತಿದ್ದರು ಹೊಳಬಸಪ್ಪ. “ನಡುವಿನ ಮೊಣಕಾಲು ನೋವಷ್ಟ ನಮ್ದು.”

ಸಂಜುವಿಗೆ ಬರೆಯುವ ಕೆಲಸ ಇರಲಿಲ್ಲ. ಚಿತ್ರಕಲೆಯ ಡಿಪ್ಲೊಮಾ ಇತ್ತು; ಆದರೆ ಅವನ ಡ್ರಾಯಿಂಗ್ ನೋಡಿದ ಮೋಹನದಾಸ್ ಹಾಳೆ ಮಗುಚಿಟ್ಟು, “ನಿಂಗೆ ಇಂಗ್ಲಿಷ್ ಓದ್ಲಿಕ್ಕೆ ಬರ್ತದಾ ಮಾರಾಯ?” ಎಂದು ಕೇಳಿ ಚೆಕ್ಕರ್ ಮಾಡಿದ್ದರು. ಆರ್ಡರ್ ಜೊತೆ ಬಂದ ಇಂಗ್ಲಿಷ್ ಸೂಚನೆಗಳನ್ನು ಓದಿ ಹೇಳುವುದು, ಬರೆದ ಕಾಗದಗಳನ್ನು ಹೆಬ್ಬೆರಳಿನಿಂದ ಸರ್ರನೆ ಹಾರಿಸಿ ನೋಡಿ ಸರಿಯಿದ್ದರೆ ಮೂಲೆಯಲ್ಲಿ ಸಹಿ ಹಾಕುವುದು, ಇಷ್ಟೇ. ಬರೆದವರ ಅಕ್ಷರ ಒಂದು, ನೋಡಿದವನ ಅಕ್ಷರ ಒಂದು. ಹೊಳಬಸಪ್ಪನವರದು ಎಚ್, ಸಂಜುವಿನದು ಎಸ್. ಆರು ತಿಂಗಳು ಹೀಗೆ ಎಸ್ ಬರೆದರೆ ನೌಕರಿ ಕಾಯಂ.

ಹೊಳಬಸಪ್ಪ ಸಿಂದಗಿಯ ಪಕ್ಕದ ಇಂಡಿ ತಾಲೂಕಿನ ಕಡೆಯವರು. ಎಪ್ಪತ್ತೊಂದರಲ್ಲಿ ಪುಣೆಗೆ ಬಂದು ಸಿನಿಮಾ ಬೋರ್ಡು ಬರೆಯುವ ಒಬ್ಬ ದೊಡ್ಡ ಪೇಂಟರನ ಕೈಕೆಳಗೆ ಸೇರಿದರು. ಆ ಪೇಂಟರ್ ಮುಖಗಳನ್ನು ಯಾರಿಗೂ ಬಿಡುತ್ತಿರಲಿಲ್ಲ. ಕೈಗಳನ್ನು ಮಾತ್ರ ಬಿಡುತ್ತಿದ್ದ. ಇಪ್ಪತ್ತಾರು ವರ್ಷ ಹೊಳಬಸಪ್ಪ ಏಣಿಯ ಮೇಲೆ ನಿಂತು ಬರೀ ಕೈ ಬರೆದರು. ಪಿಸ್ತೂಲು ಹಿಡಿದ ಕೈ, ಮುಗಿದ ಕೈ, ಕಣ್ಣೊರೆಸುವ ಕೈ, ಎದುರಿಗಿದ್ದವನ ಕಾಲರು ಹಿಡಿದ ಕೈ. ಬಸ್ಸಿನಲ್ಲಿ ಅವರು ಕಂಡಕ್ಟರನ ಗುರುತು ಹಿಡಿಯುತ್ತಿದ್ದದ್ದು ಹೆಬ್ಬೆರಳಿನಿಂದ. ಹೆಣ್ಣು ನೋಡಲು ಹೋದಾಗಲೂ ಅದೇ ಆಗಿತ್ತಂತೆ: ಚಹಾ ತಂದ ಹುಡುಗಿ ಕೆಂಪಗಿದ್ದಾಳೋ ಕಪ್ಪಗಿದ್ದಾಳೋ ಎಂದು ಮನೆಯವರು ಕೇಳಿದರೆ, “ಬೆರಳು ಉದ್ದ ಅದಾವ” ಎಂದಷ್ಟೇ ಹೇಳಲು ಬಂತು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಬಸವಣ್ಣೆವ್ವ ಅದನ್ನು ಮರೆತಿರಲಿಲ್ಲ.

ಮುಂದೆ ಬೋರ್ಡುಗಳೆಲ್ಲ ಪ್ಲಾಸ್ಟಿಕ್ ಬಟ್ಟೆಯ ಮೇಲೆ ಮಶೀನಿನಲ್ಲಿ ಅಚ್ಚಾಗತೊಡಗಿದವು. ಕೈ ಬರೆಯಲು ಎಲ್ಲೂ ಕೈ ಉಳಿಯಲಿಲ್ಲ. ಕಡೆಗೆ ಮೋಹನದಾಸರ ಹೋಟೆಲಿನಲ್ಲಿ ‘ಕೈ ತೊಳೆಯುವ ಜಾಗ’ ಎಂದು ತೋರಿಸುವ ಒಂದು ಕೈ ಬರೆದುಕೊಟ್ಟರು. ಆ ಬೆರಳು ಎಷ್ಟು ಅಧಿಕಾರದಿಂದ ತೋರಿಸುತ್ತಿತ್ತೆಂದರೆ, ಬರೀ ಪೇಪರು ಓದಲು ಬಂದವರೂ ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದರು. ಮೋಹನದಾಸ್ ಎರಡು ದಿನ ಇದನ್ನು ನೋಡಿ ಅವರನ್ನು ಮಹಡಿಗೆ ಕರೆದೊಯ್ದರು. ಕಿಟಕಿಯ ಪಕ್ಕದ ಒಂಬತ್ತನೇ ನಂಬರಿನ ಟೇಬಲ್ ಕೊಟ್ಟು, ಬ್ಯಾಂಡಿನ ಹುಡುಗರು ವಾದ್ಯ ನುಡಿಸುವ ದೃಶ್ಯಗಳನ್ನೆಲ್ಲ ಅವರಿಗೇ ವಹಿಸಿದರು.

ಏಪ್ರಿಲ್‌ನಲ್ಲಿ ಒಂದು ಹಾಡು ಬಂತು. ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವ ಒಬ್ಬ ಹುಡುಗಿಯಿದ್ದಳು. ಅವಳ ಇಂಗ್ಲಿಷ್ ಹೆಸರು ಹೊಳಬಸಪ್ಪನವರ ಬಾಯಿಗೆ ಹೊಂದದೆ, ಅವಳಿಗೆ ಅಂಬಾ ಎಂದು ಹೆಸರಿಟ್ಟಿದ್ದರು. ಹಾಡಿನುದ್ದಕ್ಕೂ ಅಂಬಾ ನುಡಿಸಬೇಕು. ಹನ್ನೆರಡು ಚಿತ್ರ ಬರೆದರೆ ಸಾಕು. ಅವನ್ನೇ ತಿರುತಿರುಗಿ ತೋರಿಸುತ್ತಾರೆ. ಸಂಜು ಸೂಚನೆ ಓದಿ ಹೇಳಿದ: “ಬಲಗೈ ನುಡಿಸುತ್ತದೆ. ಎಡಗೈ ನಿಮಗೆ ಬಿಟ್ಟದ್ದು.”

ಹೊಳಬಸಪ್ಪ ಮೂರು ದಿನ ಬರೆದರು. ಸಂಜು ಕಾಗದ ಹಾರಿಸಿ ನೋಡಿದ. ಬಲಗೈಯ ಬೆರಳು ವಾದ್ಯದ ಕಪ್ಪು ಬಿಳಿ ಮನೆಗಳ ಮೇಲೆ ಓಡಾಡುತ್ತಿದ್ದವು. ಎಡಗೈ ವಾದ್ಯದ ಹಿಂಬದಿಗೆ ಹೋಗಿ ಹದವಾಗಿ ಮುಂದೆ ಹಿಂದೆ ಆಡುತ್ತಿತ್ತು. ಅದೆಷ್ಟು ಚೆಂದವಿತ್ತೆಂದರೆ ಅವನಿಗೆ ಎಲ್ಲೋ ಕೇಳಿದ ಭಜನೆ ಕಿವಿಯಲ್ಲಿ ಬಂದು ತಲೆ ತೂಗಿತು. ಎಸ್ ಎಂದು ಬರೆದ. ಮೋಹನದಾಸರೂ ನೋಡಿ, “ಜೀವ ಉಂಟು ಮಾರಾಯ್ರೆ” ಎಂದರು. ಹಾಳೆಗಳನ್ನು ಕ್ಯಾಮರಾದಲ್ಲಿ ಹಿಡಿದು ಪರೀಕ್ಷಿಸುವ ಮರಾಠಿಯವರು ಮನೆಯಲ್ಲಿ ಕೀರ್ತನೆ ಕೇಳಿ ಬೆಳೆದವರು; ಅವರಿಗೂ ಏನೂ ಅನ್ನಿಸಲಿಲ್ಲ. ಪಾರ್ಸೆಲ್ ಹೋಯಿತು.

ಜೂನಿನಲ್ಲಿ ಫ್ಯಾಕ್ಸ್ ಬಂತು. ಸಂಜು ಅದನ್ನು ಎಲ್ಲರ ಮುಂದೆ ಓದಿ ಅರ್ಥ ಹೇಳಿದ. “ಕೀಬೋರ್ಡಿನ ಹುಡುಗಿ ಹಾಡಿನುದ್ದಕ್ಕೂ ಎಡಗೈಯಿಂದ ಏನನ್ನೋ ಓಡಿಸುತ್ತಿದ್ದಾಳೆ. ನೊಣವೇ? ಅಥವಾ ಅವಳಿಗೆ ಏನಾದರೂ ಕಾಯಿಲೆಯೇ? ದಯವಿಟ್ಟು ವಿವರಿಸಿ.”

ಇಪ್ಪತ್ತಾರು ಜನರೂ ಚಿತ್ರದ ಜೆರಾಕ್ಸ್ ಪ್ರತಿ ತೆಗೆದು ನೋಡಿದರು. ಯಾರಿಗೂ ನೊಣ ಕಾಣಲಿಲ್ಲ.

“ಹುಡುಗಿ ನುಡಸ್ಲಿಕತ್ತಾಳ,” ಎಂದರು ಹೊಳಬಸಪ್ಪ. “ಇವರಿಗೆ ಏನ್ ಕಾಣ್ತದ?”

ಮರುದಿನ ಮೋಹನದಾಸ್ ಮಗಳು ತನುಶ್ರೀಯ ಕೀಬೋರ್ಡನ್ನು ಮನೆಯಿಂದ ಹೊತ್ತು ತಂದು ಒಂಬತ್ತನೇ ಟೇಬಲ್ಲಿನ ಮೇಲಿಟ್ಟರು. “ಸ್ವಲ್ಪ ನುಡಿಸಿ ನೋಡುವಾ ಹೊಳಬಸಪ್ಪನವರೇ.”

ಹೊಳಬಸಪ್ಪ ಧನಕವಡಿಯ ಭಜನಾ ಮೇಳದಲ್ಲಿ ಇಪ್ಪತ್ತು ವರ್ಷದಿಂದ ಪ್ರತಿ ಸೋಮವಾರ ಹಾರ್ಮೋನಿಯಂ ನುಡಿಸುವವರು. ಟೊಪ್ಪಿಗೆ ಸರಿಮಾಡಿಕೊಂಡು ಕೂತರು. ಬಲಗೈ ಮನೆಗಳ ಮೇಲೆ ಬಂತು. ಎಡಗೈ ತಾನಾಗಿಯೇ ಕೀಬೋರ್ಡಿನ ಹಿಂದೆ ಹೋಗಿ, ಅಲ್ಲಿಲ್ಲದ ತಿದಿಯನ್ನು ಒತ್ತಿ ಗಾಳಿ ಹಾಕತೊಡಗಿತು. ಇಡೀ ಮಹಡಿ ನೋಡಿತು. ಅವರೂ ನೋಡಿಕೊಂಡರು.

ಕೆಳಗಿನಿಂದ “ಎರಡು ಮಸಾಲೆ” ಎಂಬ ಕೂಗು ಬಂತು.

“ಇದು ಕರೆಂಟಿಂದು ಕಾಕಾ,” ಎಂದ ಸಂಜು ಮೆಲ್ಲಗೆ. “ಗಾಳಿ ಬ್ಯಾಡ.”

“ನನಗ ಗೊತ್ತದ. ಕೈಗೆ ಗೊತ್ತಿದ್ದಿಲ್ಲ.” ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಕೇಳಿದರು: “ಚೆಕ್ ಮಾಡಿದಾವ ಯಾರು?”

ಚೆಕ್ ಮಾಡಿದವನು ವರ್ಷಾವರ್ಷ ಗಣಪತಿ ಮೆರವಣಿಗೆಯಲ್ಲಿ ಇಂಥದೇ ಕೀಬೋರ್ಡಿನ ಮುಂದೆ, ಎರಡೇ ಎರಡು ಅಡಿ ದೂರದಲ್ಲಿ, ಕುಣಿದಿದ್ದ. ಈಗ ಕಿಟಕಿಯಿಂದ ಹೊರಗೆ ಬಸ್ಸು ಎಣಿಸುತ್ತಿದ್ದ.

ನಗುವಿನಲ್ಲೇ ಮುಗಿಯುತ್ತಿತ್ತು, ಆದರೆ ಫ್ಯಾಕ್ಸಿಗೆ ಎರಡನೇ ಹಾಳೆಯಿತ್ತು. ಮುಂದಿನ ವರ್ಷದಿಂದ ಅರ್ಧ ಕೆಲಸ ಕಂಪ್ಯೂಟರಿಗೆ ಹೋಗುತ್ತದೆ; ಇಲ್ಲಿ ಹದಿನಾಲ್ಕು ಟೇಬಲ್ ಮಾತ್ರ ಉಳಿಯುತ್ತವೆ; ಯಾವುವು ಎಂದು ಆರಿಸಲು ಮೇಡಂ ಒಬ್ಬರು ಹದಿನೈದು ದಿನದ ನಂತರದ ಶನಿವಾರ ಬರುತ್ತಾರೆ. ನೊಣದ ಪ್ರಶ್ನೆಯನ್ನೂ ಅವರೇ ಎದುರಿಗೆ ಕೂತು ವಿಚಾರಿಸುತ್ತಾರೆ.

ಅಂದಿನ ಊಟದ ಬಿಡುವಿನಲ್ಲಿ ಎಲ್ಲರೂ ಕೆಳಗಿಳಿದಾಗ ಸಂಜು ಒಬ್ಬನೇ ಮೇಲುಳಿದು ಫೈಲು ತೆಗೆದ. ಅಂಬಾಳ ಹನ್ನೆರಡು ಹಾಳೆ ಹೊರಗಿಟ್ಟು, ರಬ್ಬರಿನಿಂದ ತನ್ನ ಎಸ್ ಅಳಿಸತೊಡಗಿದ. ಎಚ್ ಮುಟ್ಟಲಿಲ್ಲ, ಅದು ಬೇರೆಯವರ ಅಕ್ಷರ, ಅಷ್ಟು ಸಂಸ್ಕಾರ ಅವನಲ್ಲಿತ್ತು. ಎಸ್ ಹೋಗಲಿಲ್ಲ. ಜೆರಾಕ್ಸ್ ಅಕ್ಷರ ರಬ್ಬರಿಗೆ ಅಳಿಯುವುದಿಲ್ಲ ಎಂಬುದನ್ನು ಡಿಪ್ಲೊಮಾದಲ್ಲಿ ಹೇಳಿಕೊಟ್ಟಿರಲಿಲ್ಲ. ಮೂಲ ಹಾಳೆಗಳು ಅಮೆರಿಕದಲ್ಲಿವೆ, ಅಲ್ಲಿ ಎಸ್ ಸುಖವಾಗಿದೆ ಎಂಬುದು ನಾಲ್ಕನೇ ಹಾಳೆ ತಿಕ್ಕುವಾಗ ಹೊಳೆಯಿತು.

“ಉಗಳು ಹಚ್ಚಿ ನೋಡು,” ಎಂಬ ದನಿ ಹಿಂದಿನಿಂದ ಬಂತು. ಹೊಳಬಸಪ್ಪ ಬುತ್ತಿಯ ಡಬ್ಬಿ ಹಿಡಿದು ನಿಂತಿದ್ದರು.

“ಹಂಗಲ್ರಿ ಕಾಕಾ… ಧೂಳ ಕುಂತಿತ್ತು…”

“ಹೌದಪಾ. ಎಸ್ ಮ್ಯಾಲಷ್ಟ ಕುಂತಿತ್ತು.” ಡಬ್ಬಿ ಬಿಚ್ಚಿ ಒಂದು ರೊಟ್ಟಿ ಅವನ ಕಡೆ ಸರಿಸಿದರು. “ಉಣ್ಣು. ಭಾನುವಾರ ಮನೀಗೆ ಬಾ. ನಿಮ್ಮ ಕಾಕೂ ನಿನ್ನ ನೋಡಬೇಕಂತಾಳ.”

ಸಂಜು ಹೋದ. ಧನಕವಡಿಯಲ್ಲಿ ಎರಡು ಖೋಲಿಯ ಮನೆ. ಹೊಳಬಸಪ್ಪ ಕಾಯಿಪಲ್ಯ ತರಲು ಹೊರಗೆ ಹೋದ ಕೂಡಲೇ ಬಸವಣ್ಣೆವ್ವ ಒಲೆಯ ಮುಂದಿನಿಂದಲೇ ವಿಷಯಕ್ಕೆ ಬಂದಳು.

“ನೀ ಇಂಗ್ಲಿಷ್ ಓದಾಂವಲ್ಲ? ಆ ಮೇಡಂ ಬಾಯಿ ಬಂದಾಗ ಮಾತಾಡಾಂವನೂ ನೀನ ಏನು?”

“ಹೌದ್ರಿ ಕಾಕೂ.”

“ಹಂಗಿದ್ರ ಕೇಳು. ಬೋರ್ಡಿನ ಕೆಲಸ ನಿಂತಾಗ ಇವರು ಒಂದ ತಿಂಗಳ ಮನ್ಯಾಗ ಕುಂತಿದ್ರು. ಬರೇ ಒಂದ ತಿಂಗಳ. ನಾ ರೊಟ್ಟಿ ಬಡೀವಾಗ ಎದುರಿಗೆ ಕುಂತು, ‘ಎಡಗೈ ಸ್ವಲ್ಪ ಎತ್ತು, ಕಿರಿಬೆರಳು ಸಡಲ ಬಿಡು’ ಅನ್ನಾವ್ರು. ಮೂವತ್ತು ವರ್ಷ ಬಡದ ರೊಟ್ಟಿ, ಆ ತಿಂಗಳ ಒಂದೂ ದುಂಡಗ ಆಗಲಿಲ್ಲ. ಕಡೀಕ ನಾ ಕೈ ಮುಚಗೊಂಡು ಕುಂತೆ. ಆಗ ಅವರು ಏನ್ ಮಾಡಿದ್ರು ಗೊತ್ತದೇನು? ತಮ್ಮ ಕೈ ತಾವ ನೋಡಕೋತ ಕುಂತ್ರು. ಮುಂಜಾನಿಂದ ಸಂಜೀತನಕ. ಅದು ನನಗ ನೋಡ್ಲಿಕ್ಕಾಗಲಿಲ್ಲ.”

ರೊಟ್ಟಿ ತಿರುವಿ ಹಾಕಿದಳು.

“ತಪ್ಪು ಆಗ್ಯದಂತ. ಆಗಲಿ. ಆ ಟೇಬಲ್ ಉಳೀಲಿ. ನೀ ಏನರೆ ಸುಳ್ಳು ಹೇಳೂದಿದ್ರ ಹೇಳಪಾ, ನಮ್ಮದೇನು ಅಡ್ಡಿಯಿಲ್ಲ.”

ಸುಳ್ಳು ಹೇಳುವುದರಲ್ಲಿ ತನಗೆ ಕುರಿಯ ಮಟ್ಟಿಗಿನ ಅನುಭವ ಮಾತ್ರ ಇದೆ ಎಂದು ಸಂಜು ಹೇಳಲಿಲ್ಲ. ಎರಡು ರೊಟ್ಟಿ ತಿಂದು ಬಂದ.

ಮಾರನೆಯ ದಿನದಿಂದ ಮೋಹನದಾಸ್ ತಯಾರಿ ಶುರು ಮಾಡಿದರು. “ನೋಡಿ ಹೊಳಬಸಪ್ಪನವರೇ, ಗಿರಾಕಿ ಹತ್ರ ಉಪ್ಪು ಹೆಚ್ಚಾದ್ದು ಯಾಕೆ ಅಂತ ವಿವರಿಸ್ಲಿಕ್ಕೆ ಹೋಗ್ಬಾರ್ದು. ‘ಸಾರಿ ಮೇಡಂ, ನೆಕ್ಸ್ಟ್ ಟೈಮ್ ನೋ’ ಅಂತ ಹೇಳಿ. ಆಯ್ತಾ? ಮತ್ತೆ ಬಾಯಿ ಬಿಡ್ಬೇಡಿ. ಆ ಹಾರ್ಮೋನಿಯಂ ಪುರಾಣ ಬೇಡವೇ ಬೇಡ.”

ಹೊಳಬಸಪ್ಪ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಅಂಬಾಳ ಹನ್ನೆರಡು ಚಿತ್ರಗಳನ್ನೂ ಹೊಸದಾಗಿ ಬರೆದರು. ಎಡಗೈ ಈಗ ಮನೆಗಳ ಮೇಲೆ ಇತ್ತು. ತಪ್ಪೊಂದೂ ಇರಲಿಲ್ಲ. ಸಂಜು ಪ್ರತಿ ಹಾಳೆಯನ್ನೂ ಕಾಲು ಗಂಟೆ ನೋಡಿ ಸಹಿ ಹಾಕಿದ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಡಂ ಬಂದರು. ಅರವತ್ತರ ಹತ್ತಿರದ ಎತ್ತರದ ಹೆಂಗಸು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಸಂಜು ದುಭಾಷಿಯಾಗಿ ಹಿಂದೆ ಹಿಂದೆ ನಡೆದ. ಪ್ರತಿ ಟೇಬಲ್ಲಿನಲ್ಲೂ ಅವರು ಹಾಳೆ ಹಾರಿಸಿ ನೋಡಿ, ಒಂದೆರಡು ಮಾತು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು ಮುಂದೆ ಹೋದರು. ಒಂಬತ್ತನೇ ಟೇಬಲ್ಲಿಗೆ ಬಂದಾಗ ಮಾತ್ರ ಸ್ಟೂಲು ಎಳೆದುಕೊಂಡು ಕೂತರು.

“ಸಾರಿ ಮೇಡಂ, ನೆಕ್ಸ್ಟ್ ಟೈಮ್ ನೋ,” ಎಂದರು ಹೊಳಬಸಪ್ಪ, ಅವರು ಪೂರ್ತಿ ಕೂರುವ ಮೊದಲೇ.

ಮೇಡಂ ಹಳೆಯ ಹನ್ನೆರಡು ಹಾಳೆ ತಾವೇ ತಂದಿದ್ದರು. ಅವನ್ನು ಹಾರಿಸಿ ನೋಡಿ, ಇದೇನು ಎಂದು ಕೇಳಿದರು. ಮೋಹನದಾಸರ ಕಣ್ಸನ್ನೆ ಕಂಡರೂ ಸಂಜುವಿಗೆ ಬೇರೆ ಉತ್ತರ ಹೊಳೆಯಲಿಲ್ಲ; ಹಾರ್ಮೋನಿಯಂ ಎಂದ, ಗಾಳಿ ಎಂದ, ಸೋಮವಾರದ ಭಜನೆ ಎಂದ. ಹೊಳಬಸಪ್ಪ ಗಾಳಿಯಲ್ಲೇ ತಿದಿ ಒತ್ತಿ ತೋರಿಸಿದರು. ಮೇಡಂ ನಗಲಿಲ್ಲ. ತಮ್ಮ ಎಡಗೈಯಲ್ಲಿ ಹಾಗೇ ಎರಡು ಸಲ ಮಾಡಿ ನೋಡಿದರು. ನಂತರ ಹಾಳೆಯ ಮೂಲೆಗೆ ಬೆರಳಿಟ್ಟು, ಈ ಎಸ್ ಯಾರು ಎಂದರು.

ಆ ಮಹಡಿಯಲ್ಲಿ ಇಂಗ್ಲಿಷ್ ಸರಿಯಾಗಿ ಬರುತ್ತಿದ್ದವನಿಗೆ ಆ ಒಂದು ಪ್ರಶ್ನೆ ಅರ್ಥವಾಗಲಿಲ್ಲ. ಕಿವಿ ತುರಿಸಿಕೊಳ್ಳುವವನಂತೆ ಕೈಯನ್ನು ಅರ್ಧ ಎತ್ತಿದ. ಉಳಿದ ಅರ್ಧವನ್ನು ಮೋಹನದಾಸ್ ಹಿಂದಿನಿಂದ ಮೊಣಕೈ ಹಿಡಿದು ಎತ್ತಿದರು.

ಮೇಡಂ ಏನೋ ಬರೆದುಕೊಂಡರು. ಸೋಮವಾರ ಗೋಡೆಗೆ ಪಟ್ಟಿ ಬಂತು. ಹದಿನಾಲ್ಕು ಹೆಸರು. ಹೊಳಬಸಪ್ಪನವರದು ಕಡೆಯದು, ಪಕ್ಕದಲ್ಲಿ ಒಂದು ಟಿಪ್ಪಣಿ: ‘ಹಾಡಿನ ದೃಶ್ಯ ಬೇಡ. ನಾಯಿ, ಹೊಗೆ, ನೀರು.’ ಟೇಬಲ್ ಉಳಿಯಿತು. ಮುಂದೆ ನಾಲ್ಕು ವರ್ಷ ಅವರು ಅದೇ ಕಿಟಕಿಯ ಪಕ್ಕ ಕೂತು ನಾಯಿಗಳ ಕಾಲು ಬರೆದರು, ಬಸವಣ್ಣೆವ್ವನ ರೊಟ್ಟಿ ದುಂಡಗೇ ಉಳಿದವು. ಸಂಜು ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು.

ಹಾಡಿನ ದೃಶ್ಯ ಅವರ ಕೈಬಿಟ್ಟು ಹೋದದ್ದು ಎಡಗೈಯಿಂದಲ್ಲ, ಬಾಯಿಯಿಂದ, ಅದನ್ನು ಸಂಜು ಹಾಗೆಹಾಗೇ ಇಂಗ್ಲಿಷ್ ಮಾಡಿದ್ದರಿಂದ ಎಂಬುದು ಮೋಹನದಾಸರ ವಾದ. ಆ ಶನಿವಾರ ಕೈಯ ತಪ್ಪನ್ನು ಮೇಡಂ ಆಗಲೇ ಮನ್ನಿಸಿಬಿಟ್ಟಿದ್ದರು. ಪುಸ್ತಕ ಮುಚ್ಚಿ ಏಳುತ್ತಲೂ ಇದ್ದರು. ಹಾಗೆ ಎದ್ದವರು ಸೌಜನ್ಯಕ್ಕೆಂದು ಒಂದು ಮಾತು ಕೇಳಿದರು. ಬ್ಯಾಂಡಿನ ಈ ಐದು ಮಕ್ಕಳನ್ನು ಕಾಗದದ ಮೇಲೆ ಹುಟ್ಟಿಸಿದವರಲ್ಲಿ ಅವರೂ ಒಬ್ಬರಂತೆ. ಮೂರು ವರ್ಷ ಇವರ ಕೈ ಬರೆದಿದ್ದೀರಿ, ನಿಮಗೆ ನಮ್ಮ ಬ್ಯಾಂಡು ಇಷ್ಟವೇ ಎಂದರು. ಸಂಜು ಅದನ್ನು ಕನ್ನಡ ಮಾಡಿ ಹೇಳಿದ. ಹಿಂದಿನಿಂದ ಮೋಹನದಾಸ್ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ಹೊಳಬಸಪ್ಪ ಗೋಡೆಯ ಪೋಸ್ಟರನ್ನು ಒಮ್ಮೆ ನೋಡಿದರು.

“ಇಲ್ರಿ,” ಎಂದರು. “ಕಳ್ಳನ್ನ ಹಿಡೀತಾರ, ಐಸ್‌ಕ್ರೀಮ್ ತಿಂತಾರ, ಸೀದಾ ಸ್ಟೇಜ್ ಹತ್ತತಾರ. ಮೂರು ವರ್ಷದಾಗ ಒಂದ ದಿನಾರೆ ಕುಂತು ತಾಲೀಮು ಮಾಡ್ಯಾರೇನ್ರಿ?”